ಕಡಲಂಚಿನಲ್ಲಿ ಹಳೆಯ ಕ್ಯಾಂಪರ್ ವ್ಯಾನ್: ತುಕ್ಕು ತಡೆಯುವ ಸಮಗ್ರ ಮಾರ್ಗದರ್ಶಿ

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಕಾರವಾರ, ಅಂಕೋಲಾ, ಕುಮಟಾದ ಗಾಡಿಯವರಿಗೆ ಅಂಡರ್‌ಕೋಟಿಂಗ್ ನೆನಪಾಗುತ್ತದೆ. ಗಾಡಿಗೆ ತುಕ್ಕು ಹಿಡಿಯುವುದು ಮಳೆಯಿಂದ, ಆದ್ದರಿಂದ ಮಳೆಗೆ ಮುಂಚೆ ಅಡಿಗೆ ಕಪ್ಪು ಬಳಿಸಿಬಿಟ್ಟರೆ ಸಾಕು ಎಂಬುದು ನಮ್ಮ ಕರಾವಳಿಯಲ್ಲಿ ಬೇರೂರಿರುವ ನಂಬಿಕೆ. ನಾನೂ ಹಾಗೆಯೇ ನಂಬಿ, ಮಲಗಲು ಮಂಚ, ಅಡುಗೆಗೆ ಕಟ್ಟೆ ಎಲ್ಲವನ್ನೂ ಕೂರಿಸಿಕೊಂಡ ನಮ್ಮ ಹಳೆಯ ಟೆಂಪೋ ಟ್ರಾವೆಲರ್‌ಗೆ ಒಂದು ಮೇ ತಿಂಗಳಲ್ಲಿ ದಪ್ಪನೆಯ ರಬ್ಬರ್ ಕೋಟಿಂಗ್ ಮಾಡಿಸಿದೆ. ಎರಡು ಮಳೆಗಾಲ ಕಳೆದ ಮೇಲೆ ಆ ಲೇಪ ಅಂಗೈಯಗಲದ ಹಾಳೆಗಳಾಗಿ ಎದ್ದು ಬಂತು, ಮತ್ತು ಅದರ ಬೆನ್ನಿಗೆ ತಗಡೂ ಪುಡಿಯಾಗಿ ಅಂಟಿಕೊಂಡಿತ್ತು. ಒಳಗೆ ಉಪ್ಪು ಮತ್ತು ತೇವ ಇದ್ದ ಹಾಗೆಯೇ ಅದರ ಮೇಲೆ ಬಳಿದದ್ದು ತಪ್ಪಾಗಿತ್ತು. ಅಂದಿನಿಂದ ಈ ಕೆಲಸದ ಕ್ರಮವನ್ನೇ ಬದಲಿಸಿಕೊಂಡಿದ್ದೇನೆ: ಮೊದಲು ಉಪ್ಪು ತೆಗೆಯಬೇಕು, ಆಮೇಲೆ ಪೂರ್ತಿ ಒಣಗಿಸಬೇಕು, ಲೇಪದ ಮಾತು ಅದರ ನಂತರದ್ದು.

ಉಪ್ಪು ಮಾಡುವ ಕೆಲಸ

ಕಬ್ಬಿಣ ತುಕ್ಕು ಹಿಡಿಯಲು ನೀರು ಮತ್ತು ಆಮ್ಲಜನಕ ಎರಡೂ ಬೇಕು. ಚೊಕ್ಕಟವಾದ ತಗಡಿನ ಸುತ್ತಲಿನ ಗಾಳಿಯಲ್ಲಿ ಸಾಪೇಕ್ಷ ತೇವಾಂಶ ಶೇ. 60ಕ್ಕಿಂತ ಕಡಿಮೆ ಇದ್ದರೆ ತುಕ್ಕು ಬಹಳ ನಿಧಾನವಾಗಿ ಸಾಗುತ್ತದೆ. ಉಪ್ಪು ಕೂತ ತಗಡಿನ ಲೆಕ್ಕವೇ ಬೇರೆ. ಅಡುಗೆಯ ಉಪ್ಪು ತೇವಾಂಶ ಸುಮಾರು ಶೇ. 75 ದಾಟಿದ ಕೂಡಲೇ ಗಾಳಿಯಿಂದ ನೀರನ್ನು ಹೀರಿಕೊಂಡು ತಾನೇ ದ್ರವವಾಗುತ್ತದೆ. ಕಡಲ ಉಪ್ಪಿನೊಂದಿಗೆ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡ್‌ಗೆ ಶೇ. 33ರಷ್ಟು ತೇವಾಂಶವೇ ಸಾಕು. ಸಾಣಿಕಟ್ಟಾದ ಹರಳುಪ್ಪು ಮಳೆಗಾಲದಲ್ಲಿ ಭರಣಿಯೊಳಗೆ ನೀರೊಡೆಯುವುದನ್ನು ನಮ್ಮ ಕಡೆಯ ಎಲ್ಲ ಅಡುಗೆಮನೆಗಳೂ ಕಂಡಿವೆ. ಅದೇ ಕ್ರಿಯೆ ವ್ಯಾನಿನ ಬಾಗಿಲ ಕೆಳಗಿನ ಟೊಳ್ಳು ಪಟ್ಟಿಯೊಳಗೆ ವರ್ಷವಿಡೀ ನಡೆಯುತ್ತದೆ. ಹೊರಗೆ ಬಿಸಿಲು ಕಾಯುತ್ತಿದ್ದರೂ ಒಳಗಿನ ತಗಡಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಉಪ್ಪುನೀರಿನ ಪೊರೆ ಉಳಿದೇ ಇರುತ್ತದೆ, ಮತ್ತು ಅದರಲ್ಲಿರುವ ಕ್ಲೋರೈಡ್ ತುಕ್ಕಿನ ವೇಗವನ್ನು ಹೆಚ್ಚಿಸುತ್ತಲೇ ಹೋಗುತ್ತದೆ.

ಇದಕ್ಕೆ ನಮ್ಮ ಚಿರೆಕಲ್ಲಿನ ಕೆಂಪು ಮಣ್ಣು ಸೇರಿದರೆ ಕೆಲಸ ಇನ್ನಷ್ಟು ಕೆಡುತ್ತದೆ. ಚಕ್ರದ ಕಮಾನಿನ ಒಳ ಅಂಚಿನಲ್ಲಿ, ಪೆಟ್ರೋಲ್ ಅಥವಾ ಡೀಸೆಲ್ ಟ್ಯಾಂಕಿನ ಪಟ್ಟಿಗಳ ಮೇಲೆ, ಪಾಟಾಗಳ (ಸ್ಪ್ರಿಂಗ್ ಪಟ್ಟಿಗಳ) ನಡುವೆ ಮೆತ್ತಿಕೊಂಡ ಮಣ್ಣು ಒದ್ದೆ ಬಟ್ಟೆಯ ಹಾಗೆ ಉಪ್ಪುನೀರನ್ನು ತಗಡಿಗೆ ಒತ್ತಿ ಹಿಡಿದಿರುತ್ತದೆ.

ಕಾಲ ಗೊತ್ತುಮಾಡಿಕೊಳ್ಳುವುದು

ಬಣ್ಣದ ಕೆಲಸಕ್ಕೆ ಉದ್ಯಮದಲ್ಲಿ ಪಾಲಿಸುವ ನಿಯಮವೊಂದಿದೆ: ಗಾಳಿಯ ತೇವಾಂಶ ಶೇ. 85ಕ್ಕಿಂತ ಕಡಿಮೆ ಇರಬೇಕು, ಮತ್ತು ತಗಡಿನ ಉಷ್ಣಾಂಶವು ಇಬ್ಬನಿ ಕಟ್ಟುವ ಉಷ್ಣಾಂಶಕ್ಕಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕು. ಕರಾವಳಿಯ ಮೇ ತಿಂಗಳಲ್ಲಿ, ಬೆವರು ಆರದ ಆ ಸೆಖೆಯಲ್ಲಿ, ಈ ನಿಯಮ ಪಾಲಿಸುವುದು ಕಷ್ಟ. ಹಿಂಗಾರಿನ ಮಳೆಯೂ ನಿಂತು ನವೆಂಬರ್ ಬಂದ ಮೇಲೆ ತೊಳೆಯುವ ಕೆಲಸ, ಡಿಸೆಂಬರ್ ಮತ್ತು ಜನವರಿಯಲ್ಲಿ ಕೆರೆಯುವ, ವೆಲ್ಡಿಂಗ್ ಮಾಡಿಸುವ, ಬಣ್ಣ ಹಚ್ಚುವ ಕೆಲಸ, ಅದಾದ ಮೇಲೆ ಮೇಣದ ಕೆಲಸ, ಹೀಗೆ ಹಂಚಿಕೊಂಡರೆ ಮೇ ತಿಂಗಳಿಗೆ ಸಣ್ಣಪುಟ್ಟ ತಿದ್ದುಪಡಿ ಮಾತ್ರ ಉಳಿಯುತ್ತದೆ. ಚಳಿಗಾಲದಲ್ಲಿಯೂ ಬೆಳಗಿನ ಇಬ್ಬನಿ ಆರಿ ತಗಡು ಬೆಚ್ಚಗಾಗುವ ತನಕ, ಅಂದರೆ ಹತ್ತು ಗಂಟೆಯವರೆಗಾದರೂ, ಬ್ರಷ್ ಮುಟ್ಟಬಾರದು. ಮಧ್ಯಾಹ್ನ ಮೂರರ ನಂತರ ಹೊಸ ಭಾಗಕ್ಕೆ ಕೈ ಹಾಕಬಾರದು.

ಶಿರಸಿ ಅಥವಾ ಯಲ್ಲಾಪುರದಲ್ಲಿ ನೆಂಟರ ಅಂಗಳ ಸಿಗುವಂತಿದ್ದರೆ ಈ ಕೆಲಸಗಳಿಗೆಂದೇ ವ್ಯಾನನ್ನು ಘಟ್ಟ ಹತ್ತಿಸುವುದು ಒಳ್ಳೆಯದು. ಕುಮಟಾದಿಂದ ದೇವಿಮನೆ ಘಟ್ಟದ ಮೂಲಕ ಶಿರಸಿಗೆ ಸುಮಾರು 60 ಕಿಲೋಮೀಟರ್. ಅಲ್ಲಿ ಮಳೆ, ಮಂಜು ಎರಡಕ್ಕೂ ಕೊರತೆ ಇಲ್ಲ, ಆದರೆ ಗಾಳಿಯಲ್ಲಿ ಕಡಲ ಉಪ್ಪಿಲ್ಲ. ಕೆರೆದು ಬೆಳ್ಳಗೆ ಮಾಡಿದ ತಗಡಿನ ಮೇಲೆ ಪ್ರೈಮರ್ ಹಚ್ಚುವಷ್ಟರಲ್ಲಿ ಹೊಸ ಉಪ್ಪು ಕೂರುವ ಭಯ ಇರುವುದಿಲ್ಲ.

ಮೊದಲನೆಯ ಹಂತ: ತೊಳೆಯುವುದು

ನೀರು ಯಾವುದು ಎಂಬುದೇ ಇಲ್ಲಿ ಮೊದಲ ಪ್ರಶ್ನೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಸಮುದ್ರ ಸೇರುವ ಭಾಗದಲ್ಲಿ ಉಬ್ಬರದ ಉಪ್ಪುನೀರು ಒಳನುಗ್ಗುತ್ತದೆ, ಆದ್ದರಿಂದ ಅಳಿವೆಯ ದಂಡೆಗೆ ಇಳಿಸಿ ತೊಳೆದ ವ್ಯಾನ್ ತೊಳೆದಂತಾಗುವುದಿಲ್ಲ. ಕಡಲಂಚಿನ ಎಷ್ಟೋ ಬಾವಿಗಳ ನೀರೂ ಬೇಸಿಗೆಯಲ್ಲಿ ಸವುಳಾಗುತ್ತದೆ. ಕುಡಿದರೆ ಸಪ್ಪೆ ಎನಿಸುವ ನೀರು ಬೇಕು. ನವೆಂಬರಿನಲ್ಲಿ ಬಾವಿಗಳು ತುಂಬಿರುವುದರಿಂದ ಆ ತಿಂಗಳನ್ನು ಆರಿಸಿಕೊಳ್ಳಲು ಇದೂ ಒಂದು ಕಾರಣ.

ವಾಟರ್ ಸರ್ವಿಸಿನ ಜೋರಾದ ಧಾರೆ ಮೆತ್ತಿಕೊಂಡ ಮಣ್ಣನ್ನು ಎಬ್ಬಿಸಲು ಅನುಕೂಲ. ಆದರೆ ಬೆಸುಗೆಯ ಕೂಡುಗಳಿಗೆ ಆ ಧಾರೆಯನ್ನು ಹತ್ತಿರದಿಂದ ಹಿಡಿದರೆ ಉಪ್ಪು ಹೊರಬರುವ ಬದಲು ಇನ್ನೂ ಒಳಗೆ ಹೋಗುತ್ತದೆ. ಕರಗಿ ಹರಿದು ಹೋಗಬೇಕಾದ ಉಪ್ಪಿಗೆ ಒತ್ತಡಕ್ಕಿಂತ ಹೆಚ್ಚು ನೀರು ಮತ್ತು ಹೆಚ್ಚು ಹೊತ್ತು ಬೇಕು. ಅಡಿಕೆ ತೋಟದಲ್ಲಿ ಬಳಸುವ ಸ್ಪ್ರಿಂಕ್ಲರ್ ಜೆಟ್ ಒಂದನ್ನು ವ್ಯಾನಿನ ಅಡಿಯಲ್ಲಿ ಇಟ್ಟು, ಕಾಲುಗಂಟೆಗೊಮ್ಮೆ ಮುಂದಕ್ಕೆ ಸರಿಸುತ್ತ ಒಂದೂವರೆ ಗಂಟೆ ಬಿಡುವುದು ನಾನು ಕಂಡ ಅತ್ಯುತ್ತಮ ಉಪಾಯ. ನೀರು ಮೇಲಕ್ಕೆ ಹಾರಿ, ಕೈ ತಲುಪದ ಅಡ್ಡಪಟ್ಟಿಗಳ ಮೇಲೆ ಬಿದ್ದು, ತಾನಾಗಿ ಇಳಿದು ಬರುತ್ತದೆ.

ಇದಕ್ಕೆ ಮುನ್ನ ಬಾಗಿಲುಗಳ ಕೆಳಅಂಚಿನಲ್ಲಿ, ಚಾಸಿಯ ಟೊಳ್ಳು ಭಾಗಗಳಲ್ಲಿ ಇರುವ ನೀರು ಬಸಿಯುವ ರಂಧ್ರಗಳನ್ನೆಲ್ಲ ಹುಡುಕಿ, ತಂತಿಯಿಂದ ಬಿಡಿಸಿಕೊಳ್ಳಬೇಕು. ಹಿಂದೆ ಯಾರೋ ಬಳಿಸಿದ ಲೇಪದಿಂದ ಇವು ಮುಚ್ಚಿಹೋಗಿರುವುದು ತೀರಾ ಸಾಮಾನ್ಯ. ರಂಧ್ರ ತೆರೆದ ಮೇಲೆ ತೆಳುವಾದ ಪೈಪನ್ನು ಮೇಲಿನ ಕಿಂಡಿಯಿಂದ ತೂರಿಸಿ, ಕೆಳಗೆ ಬರುವ ಕೆಂಪು ನೀರು ತಿಳಿಯಾಗುವ ತನಕ ಒಳಗೂ ನೀರು ಬಿಡಬೇಕು. ಮೀನು ಸಾಗಿಸಿದ ಇತಿಹಾಸವಿರುವ ಗಾಡಿಯಾದರೆ, ಐಸ್ ಕರಗಿದ ನೀರು ಇಳಿದಿರುವ ನೆಲದ ಕೂಡುಗಳಿಗೆ ಈ ಉಪಚಾರ ಎರಡು ಸಲ ಆಗಲಿ.

ವರ್ಷಕ್ಕೊಮ್ಮೆಯ ಈ ತೊಳೆತದ ಜೊತೆಗೆ, ಸಮುದ್ರದ ಒದ್ದೆ ಮರಳಿನ ಮೇಲೆ ಚಕ್ರ ಓಡಿದ್ದರೆ ಅದೇ ದಿನ, ದಂಡೆಯ ಬಳಿ ರಾತ್ರಿ ತಂಗಿದ್ದರೆ ಮನೆಗೆ ಮರಳಿದ ಕೂಡಲೇ ಅಡಿಗೆ ನೀರು ಬಿಡುವುದನ್ನು ರೂಢಿ ಮಾಡಿಕೊಳ್ಳಬೇಕು.

ಎರಡನೆಯ ಹಂತ: ಒಣಗಿಸುವುದು

ತಾಳ್ಮೆಯೊಂದೇ ಇಲ್ಲಿ ಬೇಕಾದದ್ದು. ಬಾಗಿಲುಗಳನ್ನೆಲ್ಲ ತೆರೆದು, ನೆಲದ ಮ್ಯಾಟ್ ಮತ್ತು ಪ್ಲೈವುಡ್ ಎತ್ತಿ, ಕನಿಷ್ಠ ಒಂದು ವಾರ ಬಿಸಿಲಿಗೆ ಬಿಡಬೇಕು. ವ್ಯಾನನ್ನು ಒಂದು ದಿನ ಮೂತಿ ತಗ್ಗಿಸಿ, ಮರುದಿನ ಬೆನ್ನು ತಗ್ಗಿಸಿ ಇಳಿಜಾರಿನಲ್ಲಿ ನಿಲ್ಲಿಸಿ ಚಕ್ರಗಳಿಗೆ ಅಡೆ ಕೊಟ್ಟರೆ, ಮಟ್ಟಸವಾಗಿ ನಿಂತಾಗ ಉಳಿದುಹೋಗುವ ನೀರು ಇಳಿಯುತ್ತದೆ.

ಮೂರನೆಯ ಹಂತ: ತಪಾಸಣೆ

ಅಡಿಗೆ ಹೋಗುವ ಮೊದಲು ಒಂದು ಎಚ್ಚರಿಕೆ ಹೇಳಲೇಬೇಕು. ಕೇವಲ ಜ್ಯಾಕಿನ ಮೇಲೆ ಎತ್ತಿದ ವ್ಯಾನಿನ ಕೆಳಗೆ ತಲೆ ಹಾಕಬಾರದು; ತುಕ್ಕು ಹಿಡಿದ ಗಾಡಿಯಲ್ಲಿ ಜ್ಯಾಕ್ ಕೊಡುವ ಜಾಗವೇ ಕುಸಿಯಬಹುದು. ಗಟ್ಟಿ ನೆಲ, ಎರಡೂ ಬದಿಗೆ ಸ್ಟ್ಯಾಂಡ್, ಕಣ್ಣಿಗೆ ಕನ್ನಡಕ ಇವಿಷ್ಟೂ ಇದ್ದ ಮೇಲೆಯೇ ಕೆಲಸ ಆರಂಭವಾಗಬೇಕು.

ಟಾರ್ಚ್, ಸಣ್ಣ ಸುತ್ತಿಗೆ, ಸ್ಕ್ರೂಡ್ರೈವರ್, ಅಯಸ್ಕಾಂತ ಮತ್ತು ಒಂದು ಸೀಮೆಸುಣ್ಣ ಇದ್ದರೆ ಸಾಕು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಗಟ್ಟಿ ತಗಡು ಟಣ್ ಎನ್ನುತ್ತದೆ, ಒಳಗೆ ಕೊಳೆತದ್ದು ದಬ್ ಎನ್ನುತ್ತದೆ. ದಬ್ ಎಂದ ಕಡೆ ಸ್ಕ್ರೂಡ್ರೈವರಿನ ಮೊನೆಯಿಂದ ಒತ್ತಿ ನೋಡಬೇಕು. ಅಯಸ್ಕಾಂತ ಹಿಡಿಯದ ಕಡೆ ತಗಡಿನ ಬದಲು ಪುಟ್ಟಿ ಇದೆ ಎಂದೇ ಅರ್ಥ. ಬಣ್ಣ ಉಬ್ಬಿದ್ದರೆ ಸಣ್ಣ ಗುಳ್ಳೆ ಎಂದು ಬಿಡಬಾರದು, ಏಕೆಂದರೆ ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಆಕ್ರಮಿಸುತ್ತದೆ, ಅದರ ಒತ್ತಡದಿಂದಲೇ ಬಣ್ಣ ಎದ್ದಿರುತ್ತದೆ, ಮತ್ತು ಬಹಳ ಸಲ ಅದು ಒಳಮುಖದಿಂದ ಹೊರಕ್ಕೆ ಬಂದದ್ದಾಗಿರುತ್ತದೆ.

ಗುರುತು ಹಾಕುವಾಗ ಮೂರು ಬಗೆ ಮಾಡಿಕೊಳ್ಳುವುದು ನನ್ನ ಪದ್ಧತಿ: ಮೇಲ್ಪದರದ ತುಕ್ಕು, ಕುಳಿ ಬಿದ್ದ ತುಕ್ಕು, ತೂತಾದದ್ದು. ಮೊದಲೆರಡನ್ನು ನಾವೇ ನಿಭಾಯಿಸಬಹುದು. ಮೂರನೆಯದು ವೆಲ್ಡಿಂಗಿನವರ ಕೆಲಸ. ಚಾಸಿ, ಪಾಟಾ ಕೂರುವ ಬ್ರಾಕೆಟ್, ಸೀಟ್ ಬೆಲ್ಟಿನ ಬುಡ, ಸ್ಟೀರಿಂಗ್ ಬಾಕ್ಸ್ ಕೂತ ಜಾಗ ಇವುಗಳಲ್ಲಿ ಕುಳಿ ಕಂಡರೂ ಅನುಭವಿ ಮೆಕ್ಯಾನಿಕರಿಗೆ ತೋರಿಸದೆ ಮುಂದುವರಿಯಬಾರದು. ಬ್ರೇಕಿನ ಉಕ್ಕಿನ ಪೈಪುಗಳನ್ನು ಇಡೀ ಉದ್ದಕ್ಕೂ, ವಿಶೇಷವಾಗಿ ಕ್ಲಿಪ್ಪಿನ ಅಡಿಯಲ್ಲಿ, ನೋಡಬೇಕು. ಕುಳಿ ಬಿದ್ದ ಬ್ರೇಕ್ ಪೈಪಿಗೆ ಯಾವ ಲೇಪವೂ ಮದ್ದಲ್ಲ, ಬದಲಿಸುವುದೊಂದೇ ದಾರಿ. ಅರಬೈಲು ಘಟ್ಟ ಇಳಿಯುವಾಗ ಪೆಡಲ್ ನೆಲಕ್ಕೆ ಹೋದರೆ ಏನಾಗಬಹುದು ಎಂಬುದನ್ನು ಆ ತಿರುವುಗಳಲ್ಲಿ ಓಡಿಸಿದವರೆಲ್ಲರೂ ಬಲ್ಲರು.

ಚಾಸಿ ನಂಬರ್ ಕೆತ್ತಿದ ಜಾಗವನ್ನು ಈ ಹೊತ್ತಿನಲ್ಲೇ ಗುರುತಿಸಿ ಪ್ರತ್ಯೇಕವಾಗಿ ಕಾಪಾಡಬೇಕು. ಖಾಸಗಿ ವಾಹನದ ನೋಂದಣಿಯನ್ನು 15 ವರ್ಷ ತುಂಬಿದ ಮೇಲೆ ನವೀಕರಿಸುವಾಗ ಆ ಅಂಕಿಗಳು ಓದುವಂತಿರಬೇಕು. ಅಲ್ಲಿ ಗ್ರೈಂಡರ್ ಬೇಡ, ದಪ್ಪ ಬಣ್ಣವೂ ಬೇಡ. ಮೃದುವಾದ ಬ್ರಷ್‌ನಿಂದ ಸ್ವಚ್ಛಮಾಡಿ ಗ್ರೀಸ್ ಸವರಿ ಬಿಡಬೇಕು.

ನಾಲ್ಕನೆಯ ಹಂತ: ಕೆರೆಯುವುದು, ಬೆಸೆಯುವುದು

ಎದ್ದು ಬರುವ ಪದರವನ್ನೆಲ್ಲ ಕೆರಪಿನಿಂದ ತೆಗೆದು, ತಂತಿ ಬ್ರಷ್‌ನಿಂದ ಉಜ್ಜಿ, ಗಟ್ಟಿ ಬಣ್ಣದ ಅಂಚು ಸಿಗುವ ತನಕ ಎಮರಿ ಪೇಪರ್ ಹಾಕಬೇಕು. ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದಾದ್ದರಿಂದ ಮಾಸ್ಕ್ ಇಲ್ಲದೆ ಗ್ರೈಂಡರ್ ಹಿಡಿಯಬಾರದು, ಆ ಪುಡಿ ಬಾವಿಕಟ್ಟೆಯ ಕಡೆ ಹಾರಲು ಬಿಡಬಾರದು.

ಎಷ್ಟು ಕೆರೆದರೂ ಕುಳಿಗಳ ತಳದಲ್ಲಿ ಕಂದು ಚುಕ್ಕೆಗಳು ಉಳಿದೇ ಉಳಿಯುತ್ತವೆ. ರಸ್ಟ್ ಕನ್ವರ್ಟರ್ ಎಂದು ಮಾರುವ ದ್ರಾವಣ ಇರುವುದು ಇವಕ್ಕಾಗಿ. ಅದರಲ್ಲಿ ಸಾಮಾನ್ಯವಾಗಿ ಟ್ಯಾನಿಕ್ ಆಮ್ಲ ಅಥವಾ ಫಾಸ್ಫಾರಿಕ್ ಆಮ್ಲ ಇರುತ್ತದೆ. ಟ್ಯಾನಿಕ್ ಆಮ್ಲ ತುಕ್ಕಿನೊಂದಿಗೆ ಕೂಡಿ ಕಪ್ಪಾದ, ಸ್ಥಿರವಾದ ಪದರವಾಗುತ್ತದೆ. ಅಡಿಕೆ ಸುಲಿಯುವ ಕತ್ತಿ ಕಪ್ಪಾಗುವುದೂ, ಅಡಿಕೆ ಬೇಯಿಸಿದ ರಸವಾದ ಚೊಗರು ತಾಗಿದ ಕಬ್ಬಿಣದ ಪಾತ್ರೆ ಕಪ್ಪಾಗುವುದೂ ಇದೇ ಟ್ಯಾನಿನ್ನಿನಿಂದ. ಹಾಗೆಂದು ಮನೆಯ ಚೊಗರನ್ನೇ ವ್ಯಾನಿಗೆ ಬಳಿಯುವುದನ್ನು ನಾನು ಸಲಹೆ ಮಾಡುವುದಿಲ್ಲ. ಅದರ ಸಾಂದ್ರತೆಗೆ ಲೆಕ್ಕವಿಲ್ಲ, ಮತ್ತು ಪ್ರೈಮರ್ ಅದರ ಮೇಲೆ ಹಿಡಿಯುತ್ತದೆ ಎಂಬ ಭರವಸೆಯೂ ಇಲ್ಲ. ಕನ್ವರ್ಟರ್ ತೆಳುವಾದ, ಗಟ್ಟಿಯಾಗಿ ಅಂಟಿದ ತುಕ್ಕಿನ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಪದರಪದರವಾಗಿ ಎದ್ದದ್ದರ ಮೇಲೆ ಸುರಿದರೆ ಮೇಲ್ಮೈಯಷ್ಟೇ ಕಪ್ಪಾಗಿ ಒಳಗಿನದು ಮುಂದುವರಿಯುತ್ತದೆ.

ತೂತಾದ ಕಡೆ ಪುಟ್ಟಿ ಅಥವಾ ಫೈಬರ್ ಹಚ್ಚಿ ಬಣ್ಣ ಹೊಡೆಯುವ ಅಗ್ಗದ ಮಾರ್ಗವನ್ನು ಒಪ್ಪಬಾರದು. ಕೊಳೆತ ತಗಡನ್ನು ಗಟ್ಟಿ ಸಿಗುವ ತನಕ ಕತ್ತರಿಸಿ, ಅದೇ ದಪ್ಪದ ಹೊಸ ಶೀಟ್ ಬೆಸೆಯಿಸಬೇಕು. ವೆಲ್ಡಿಂಗಿಗೆ ಮುನ್ನ ಬ್ಯಾಟರಿಯ ಸಂಪರ್ಕ ತೆಗೆಯಬೇಕು, ಗ್ಯಾಸ್ ಸಿಲಿಂಡರನ್ನು ವ್ಯಾನಿನಿಂದ ದೂರ ಇಡಬೇಕು, ಒಳಗಿನ ಫೋಮ್, ಪ್ಲೈವುಡ್, ಪರದೆಗಳನ್ನು ಆ ಭಾಗದಿಂದ ಬಿಚ್ಚಬೇಕು. ಕ್ಯಾಂಪರ್ ವ್ಯಾನ್ ಎಂದರೆ ತಗಡಿನ ಹಿಂದೆ ಮರ ಮತ್ತು ಬಟ್ಟೆ ಅಡಗಿರುವ ಗಾಡಿ, ಬೆಂಕಿ ಹೊತ್ತಿದ್ದು ಹೊರಗಿನವರಿಗೆ ತಡವಾಗಿ ತಿಳಿಯುತ್ತದೆ.

ಐದನೆಯ ಹಂತ: ಪ್ರೈಮರ್ ಮತ್ತು ಬಣ್ಣ

ಬೆಳ್ಳಗಾದ ತಗಡಿಗೆ ಅದೇ ದಿನ ಪ್ರೈಮರ್ ಬೀಳಬೇಕು. ಎರಡು ಡಬ್ಬಿಗಳನ್ನು ಬೆರೆಸಿ ಬಳಸುವ ಎಪಾಕ್ಸಿ ಪ್ರೈಮರ್ ದುಬಾರಿಯಾದರೂ ನಮ್ಮ ಹವೆಗೆ ಅದೇ ಸರಿ ಎಂಬುದು ನನ್ನ ಅಭಿಪ್ರಾಯ. ಗೇಟು, ಕಿಟಕಿ ಸರಳುಗಳಿಗೆ ಹಚ್ಚುವ ರೆಡ್ ಆಕ್ಸೈಡ್ ಮೇಲೆ ಬಣ್ಣ ಬೀಳದಿದ್ದರೆ ತೇವವನ್ನು ಒಳಬಿಡುತ್ತದೆ. ಅದನ್ನೊಂದನ್ನೇ ಹಚ್ಚಿ ಮಳೆಗಾಲ ಕಳೆಯಲು ಆಗುವುದಿಲ್ಲ. ಎರಡು ತೆಳು ಕೋಟು, ಅಂಚು ಮತ್ತು ಬೋಲ್ಟ್ ತಲೆಗಳಿಗೆ ಬ್ರಷ್‌ನಿಂದ ಇನ್ನೊಂದು, ಆಮೇಲೆ ಡಬ್ಬಿಯ ಮೇಲೆ ಹೇಳಿದ ಅವಧಿಯೊಳಗೆ ಮೇಲಿನ ಬಣ್ಣ. ಚೂಪಾದ ಅಂಚುಗಳಿಂದ ಬಣ್ಣ ಜಾರಿ ತೆಳುವಾಗುವುದರಿಂದ ತುಕ್ಕು ಮೊದಲು ಕಾಣುವುದು ಅಲ್ಲಿಯೇ.

ಕೂಡುಗಳನ್ನು ಪ್ರೈಮರ್ ಆದ ಮೇಲೆ ಪಿಯು (ಪಾಲಿಯುರೆಥೇನ್) ಸೀಲೆಂಟ್‌ನಿಂದ ಮುಚ್ಚಬೇಕು. ವಿನೆಗರ್‌ನಂತೆ ಹುಳಿವಾಸನೆ ಬರುವ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದನ್ನು ಕಬ್ಬಿಣದ ಮೇಲೆ ಬಳಸಬಾರದು.

ಆರನೆಯ ಹಂತ: ಟೊಳ್ಳುಗಳಿಗೆ ಮೇಣ

ಬ್ರಷ್ ತಲುಪದ ಬಾಗಿಲ ಕೆಳಪಟ್ಟಿ, ಅಡ್ಡಪಟ್ಟಿ, ಕಂಬಗಳ ಒಳಭಾಗಕ್ಕೆ ಕ್ಯಾವಿಟಿ ವ್ಯಾಕ್ಸ್ ಬೇಕು. ಉದ್ದನೆಯ ನಳಿಕೆಯ ತುದಿಯಿಂದ ಸುತ್ತಲೂ ಚಿಮ್ಮುವ ಬಗೆಯದನ್ನು ಕೊಂಡು, ನಳಿಕೆಯನ್ನು ಕೊನೆಯವರೆಗೆ ತೂರಿಸಿ, ನಿಧಾನವಾಗಿ ಹಿಂದಕ್ಕೆಳೆಯುತ್ತ ಸಿಂಪಡಿಸಬೇಕು. ಬಸಿಯುವ ರಂಧ್ರದಿಂದ ಮೇಣ ತೊಟ್ಟಿಕ್ಕಿದರೆ ಒಳಗೆ ತಲುಪಿದೆ ಎಂದು ತಿಳಿಯಬಹುದು. ಹೆಪ್ಪುಗಟ್ಟುವ ಮುನ್ನ ಆ ರಂಧ್ರಗಳನ್ನು ಮತ್ತೆ ಬಿಡಿಸಬೇಕು. ಅಡಿಭಾಗಕ್ಕೂ ಗಟ್ಟಿಯಾಗಿ ಒಣಗುವ ಡಾಂಬರು ಅಥವಾ ರಬ್ಬರ್ ಲೇಪಕ್ಕಿಂತ ಮೃದುವಾಗಿಯೇ ಉಳಿಯುವ ಮೇಣ, ಅಥವಾ ಕುರಿಯ ಉಣ್ಣೆಯ ಕೊಬ್ಬಾದ ಲ್ಯಾನೋಲಿನ್ ಆಧಾರಿತ ಲೇಪವನ್ನು ಹಳೆಯ ಗಾಡಿಗೆ ನಾನು ಆರಿಸುತ್ತೇನೆ. ಗಟ್ಟಿ ಲೇಪಕ್ಕೆ ಕಲ್ಲು ಬಡಿದು ಬಿರುಕು ಬಿಟ್ಟರೆ ಅದರೊಳಗೆ ನೀರು ನಿಂತು ಕಣ್ಣಿಗೆ ಕಾಣದೆ ಕೊರೆಯುತ್ತದೆ. ಮೃದು ಲೇಪ ವರ್ಷಕ್ಕೊಮ್ಮೆ ಮತ್ತೆ ಕೇಳುತ್ತದೆ ನಿಜ, ಆದರೆ ಆ ನೆಪದಲ್ಲಿ ವರ್ಷಕ್ಕೊಮ್ಮೆ ಅಡಿಯನ್ನು ನೋಡಿದಂತೆಯೂ ಆಗುತ್ತದೆ.

ಬ್ರೇಕ್ ಡಿಸ್ಕ್, ಡ್ರಮ್, ಸೈಲೆನ್ಸರ್, ರಬ್ಬರ್ ಬುಷ್, ಬ್ರೇಕ್ ಹೋಸ್ ಇವುಗಳನ್ನು ಪ್ಲಾಸ್ಟಿಕ್ ಸುತ್ತಿ ಮುಚ್ಚಿಯೇ ಸಿಂಪಡಿಸಬೇಕು. ತೋಟದ ಔಷಧಿ ಹೊಡೆಯುವ ಪಂಪನ್ನೇ ಇದಕ್ಕೂ ಬಳಸುವವರಿದ್ದಾರೆ, ಅದು ಬೇಡ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು ಇರುತ್ತದೆ, ಅದರ ತಾಮ್ರ ಕಬ್ಬಿಣದ ಮೇಲೆ ಕೂತು ತುಕ್ಕನ್ನು ಪ್ರಚೋದಿಸುತ್ತದೆ. ಅದೇ ಕಾರಣಕ್ಕೆ ಮೈಲುತುತ್ತಿನ ಚೀಲವನ್ನು ವ್ಯಾನಿನ ನೆಲದ ಮೇಲೆ ಸಾಗಿಸಬಾರದು. ಇಂಜಿನ್ನಿನಿಂದ ತೆಗೆದ ಹಳೆಯ ಆಯಿಲ್ ಬಳಿಯುವ ಪದ್ಧತಿಯನ್ನೂ ಬಿಡಬೇಕು. ಅದು ರಬ್ಬರ್ ಬುಷ್‌ಗಳನ್ನು ಕೆಡಿಸುತ್ತದೆ, ಮೊದಲ ಮಳೆಗೆ ತೊಳೆದು ಅಂಗಳಕ್ಕೆ, ಅಲ್ಲಿಂದ ಬಾವಿಗೆ ಇಳಿಯುತ್ತದೆ.

ಮೀನುಗಾರಿಕಾ ಬಂದರಿನಲ್ಲಿ ಉಕ್ಕಿನ ಬೋಟುಗಳ ತಳಕ್ಕೆ ಸತುವಿನ ತುಂಡು ಕಟ್ಟಿರುವುದನ್ನು ಕಂಡು, ವ್ಯಾನಿಗೂ ಕಟ್ಟಬಹುದೇ ಎಂದು ಕೇಳುವವರಿದ್ದಾರೆ. ಬೋಟು ಉಪ್ಪುನೀರಿನಲ್ಲಿ ಮುಳುಗಿರುವುದರಿಂದ ಅಲ್ಲಿ ವಿದ್ಯುತ್ ಪ್ರವಾಹ ಸತುವಿನಿಂದ ಉಕ್ಕಿಗೆ ನೀರಿನ ಮೂಲಕ ಹರಿದು ರಕ್ಷಣೆ ಕೊಡುತ್ತದೆ. ಗಾಳಿಯಲ್ಲಿರುವ ವ್ಯಾನಿಗೆ ಆ ಮಾರ್ಗವಿಲ್ಲ. ಬ್ಯಾಟರಿಗೆ ಜೋಡಿಸುವ ತುಕ್ಕುನಿರೋಧಕ ಎಲೆಕ್ಟ್ರಾನಿಕ್ ಡಬ್ಬಿಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಏಳನೆಯ ಹಂತ: ಒಳಗಿನ ತೇವ

ಕ್ಯಾಂಪರ್ ವ್ಯಾನ್ ಬೇರೆ ಗಾಡಿಗಳಂತಲ್ಲ, ಅದರೊಳಗೆ ಮನುಷ್ಯರು ಉಸಿರಾಡುತ್ತಾರೆ, ಗಂಜಿ ಬೇಯುತ್ತದೆ. ಒಂದು ಕಿಲೋ ಅಡುಗೆ ಅನಿಲ ಉರಿದಾಗ ಸುಮಾರು ಒಂದೂವರೆ ಕಿಲೋ ನೀರು ಆವಿಯಾಗಿ ಹುಟ್ಟುತ್ತದೆ. ಆ ಆವಿ ಮತ್ತು ರಾತ್ರಿಯ ಉಸಿರು ತಣ್ಣಗಿನ ತಗಡಿಗೆ ತಾಗಿ ಹನಿಯಾಗಿ, ಒಳಹೊದಿಕೆಯ ಹಿಂದಿನಿಂದ ಇಳಿದು, ಬಾಗಿಲ ಕೆಳಪಟ್ಟಿಗೇ ಸೇರುತ್ತದೆ. ಶಿರಸಿಯ ಚಳಿಯಲ್ಲಿ ಇದು ಹೆಚ್ಚು. ಅಡುಗೆ ಮಾಡುವಾಗ ಎದುರುಬದುರಿನ ಎರಡು ಕಿಟಕಿಗಳು ತೆರೆದಿರಲಿ, ಮಲಗುವಾಗ ಚಾವಣಿಯ ಕಿಂಡಿ ಸ್ವಲ್ಪವಾದರೂ ತೆರೆದಿರಲಿ. ಗೋಡೆಯೊಳಗೆ ಗಾಜಿನ ನಾರು ತುಂಬಿಸಿದ್ದರೆ ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ. ನೀರು ಹೀರದ, ಮುಚ್ಚಿದ ಕೋಶಗಳ ಫೋಮ್ ಶೀಟನ್ನು ತಗಡಿಗೆ ಸಂದಿಲ್ಲದಂತೆ ಅಂಟಿಸುವುದು ಮೇಲು.

ಕ್ಯಾಂಪರ್ ಮಾಡುವಾಗ ಕೊರೆದ ಪ್ರತಿಯೊಂದು ತೂತೂ ಹಸಿ ಕಬ್ಬಿಣದ ಒಂದು ಅಂಚು. ಕಪಾಟಿನ ಸ್ಕ್ರೂ, ಚಾವಣಿಯ ಕ್ಯಾರಿಯರ್, ಸೋಲಾರ್ ಫಲಕದ ಬೋಲ್ಟ್ ಎಲ್ಲವನ್ನೂ ಒಮ್ಮೆ ಬಿಚ್ಚಿ, ಅಂಚಿಗೆ ಪ್ರೈಮರ್ ಹಚ್ಚಿ, ಸೀಲೆಂಟ್ ತುಂಬಿ ಮತ್ತೆ ಕೂರಿಸಬೇಕು. ಅಲ್ಯೂಮಿನಿಯಂ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಭಾಗ ಸಾಮಾನ್ಯ ಉಕ್ಕಿಗೆ ನೇರವಾಗಿ ತಾಗಿ, ನಡುವೆ ಉಪ್ಪುನೀರು ಸೇರಿದರೆ ಎರಡರಲ್ಲೊಂದು ಬೇಗ ಕರಗುತ್ತದೆ, ಆದ್ದರಿಂದ ನಡುವೆ ನೈಲಾನ್ ಅಥವಾ ರಬ್ಬರ್ ವಾಷರ್ ಇರಬೇಕು. ಗಾಜಿನ ಸುತ್ತಲಿನ ಬೀಡಿಂಗ್ ಗಟ್ಟಿಯಾಗಿದ್ದರೆ ಹೊಸದು ಹಾಕಿಸಬೇಕು. ಅರ್ಥಿಂಗ್ ಕೂಡುವ ಬೋಲ್ಟುಗಳನ್ನು ಉಜ್ಜಿ, ಬಿಗಿಮಾಡಿ, ಮೇಲೆ ವ್ಯಾಸಲಿನ್ ಸವರಬೇಕು.

ಎಂಟನೆಯ ಹಂತ: ಮಳೆಗಾಲದ ನಿಲುಗಡೆ

ಗಾಳಿಯಿಂದ ಬೀಳುವ ಉಪ್ಪು ದಂಡೆಯಿಂದ ಮೊದಲ ಕೆಲವು ನೂರು ಮೀಟರುಗಳಲ್ಲೇ ಬಹಳಷ್ಟು ಕಡಿಮೆಯಾಗುತ್ತದೆ. ಮನೆ ಕಡಲಿಗೆ ಎದುರಾಗಿದ್ದರೆ ವ್ಯಾನ್ ಮನೆಯ ಹಿಂದೆ, ಪೂರ್ವಕ್ಕೆ ನಿಲ್ಲಲಿ. ಹುಲ್ಲಿನ ಮೇಲಲ್ಲ, ಕಾಂಕ್ರೀಟ್ ಅಥವಾ ಕಲ್ಲು ಹಾಸಿದ ನೆಲದ ಮೇಲೆ, ಮೇಲೆ ತಗಡಿನ ಮಾಡು, ಪಶ್ಚಿಮದ ಬದಿಗೆ ತೆಂಗಿನ ಗರಿಯ ತಟ್ಟಿ, ಉಳಿದ ಬದಿಗಳು ತೆರೆದಿರಲಿ. ತಾಡಪಾಲನ್ನು ಮೈಗೆ ಬಿಗಿದು ಕಟ್ಟಿದರೆ ಒಳಗಿನ ತೇವ ಹೊರಹೋಗುವುದಿಲ್ಲ, ಹೊರಗಿನ ಉಜ್ಜಾಟಕ್ಕೆ ಬಣ್ಣವೂ ಸವೆಯುತ್ತದೆ. ನೀರಿನ ಟ್ಯಾಂಕ್ ಖಾಲಿ ಮಾಡಿ, ಹಾಸಿಗೆಗಳನ್ನು ಮನೆಯೊಳಗೆ ಒಯ್ದು, ನೆಲದ ಮ್ಯಾಟ್ ಸುತ್ತಿಟ್ಟು ಬಿಡಬೇಕು.

ಆಷಾಢದ ಮಳೆ ಹೊಳವಾದ ದಿನಗಳಲ್ಲಿ ಬಾಗಿಲುಗಳನ್ನು ತೆರೆದಿಡಬೇಕು, ಹದಿನೈದು ದಿನಕ್ಕೊಮ್ಮೆ ವ್ಯಾನನ್ನು ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಬ್ರೇಕ್ ಮತ್ತು ಸೈಲೆನ್ಸರ್ ಒಣಗಿಸಬೇಕು, ಮರಳಿದ ಮೇಲೆ ಬಾಗಿಲ ಕೆಳಗಿನ ರಂಧ್ರಗಳಿಗೆ ತಂತಿ ಹಾಕಿ ನೋಡಬೇಕು. ತಂತಿಯ ತುದಿಗೆ ಕೆಂಪು ಕೆಸರು ಹತ್ತಿ ಬಂದರೆ ಆ ಭಾಗಕ್ಕೆ ಸೀಮೆಸುಣ್ಣದ ಗುರುತು ಸಾಲದು, ಮಳೆಗೆ ಅಳಿಸಿಹೋಗುತ್ತದೆ; ಪುಸ್ತಕದಲ್ಲಿ ಬರೆದಿಟ್ಟುಕೊಂಡು ನವೆಂಬರಿನಲ್ಲಿ ಸ್ಪ್ರಿಂಕ್ಲರನ್ನು ಮೊದಲು ಅದರ ಅಡಿಯಲ್ಲೇ ಇಡಬೇಕು.